ಅಜ್ಜನ ಬಲಗಿವಿ

ಫೆಬ್ರವರಿ 9

ಅಜ್ಜಾ,

ಫೋನಿಗೆ ಬರುವುದಿಲ್ಲವೆಂದು ನೀನು ಹಟ ಹಿಡಿದು ಕೂತದ್ದಕ್ಕೆ ನಾನು ಈ ಪರದೇಶದ ಊರಿನಲ್ಲಿ ಅಂಚೆ ಕಚೇರಿ ಹುಡುಕಿಕೊಂಡು ಅರ್ಧ ದಿನ ಅಲೆದೆ. ನನ್ನ ತರಗತಿಯಲ್ಲಿ ಒಬ್ಬರಿಗೂ ಅದು ಎಲ್ಲಿದೆಯೆಂದು ಗೊತ್ತಿರಲಿಲ್ಲ. ಕೊನೆಗೆ ಹಾಸ್ಟೆಲಿನ ಕಾವಲುಗಾರರು ದಾರಿ ಹೇಳಿ, ಯಾರಿಗೆ ಪತ್ರ ಎಂದು ಕೇಳಿದರು. ನಮ್ಮಜ್ಜನಿಗೆ, ಅವರಿಗೆ ಕಿವಿ ಕೇಳಿಸುವುದಿಲ್ಲ ಎಂದೆ. "ಹಾಗಾದ್ರೆ ದೊಡ್ಡ ಅಕ್ಷರದಲ್ಲಿ ಬರಿ" ಎಂದರು. ಅವರ ಮಾತು ಮೀರಬಾರದೆಂದು ಹೀಗೆ ದಪ್ಪಗೆ ಬರೆದಿದ್ದೇನೆ. ಕಾಗದ ದಂಡ ಎಂದು ಬೈಯಬೇಡ.

ಪ್ರತಿ ಭಾನುವಾರ ಅಜ್ಜಿಯ ಜೊತೆ ಮಾತಾಡುತ್ತೇನೆ. ಮಾತೆಂದರೆ ಎಂಥ ಮಾತು! "ಉಂಡ್ಯಾ, ಸರಿಯಾಗಿ ಮಲಗ್ತೀಯಾ, ಚಳಿಗೆ ಹೊದ್ಕೋತೀಯಾ" ಎಂದು ಮುಗಿಸಿದರೆ ಅವಳ ಅಂಗಡಿ ಬಾಗಿಲು ಹಾಕಿತು. ನಿನ್ನನ್ನು ವಿಚಾರಿಸಿದರೆ, "ಇಲ್ಲೇ ಕೂತಿದ್ದಾರೆ ಪೇಪರ್ ಹಿಡ್ಕೊಂಡು. ಅವರಿಗೇನು, ಗುಂಡುಕಲ್ಲು" ಎನ್ನುತ್ತಾಳೆ. ನಾನು ನಡೆಯಲು ಕಲಿಯುವ ಮೊದಲೇ ಅಮ್ಮ ತೀರಿಹೋದಳು, ಅಪ್ಪ ಬೇರೆ ಸಂಸಾರ ಮಾಡಿಕೊಂಡರು. ನನಗೆ ಮನೆಯೆಂದರೆ ನೀವಿಬ್ಬರು. ಅದರಲ್ಲಿ ಒಬ್ಬಳು ಮಾತಾಡುವುದಿಲ್ಲ, ಒಬ್ಬನಿಗೆ ಕೇಳಿಸುವುದಿಲ್ಲ. ನನ್ನ ಹಣೆಬರಹ ನೋಡು.

ಈಗ ವಿಷಯಕ್ಕೆ ಬರುತ್ತೇನೆ. ಡಾಕ್ಟರ್ ಓದಿನ ಮೊದಲ ವರ್ಷದ ನಮ್ಮಂಥವರ ಕೈಗೆ ರೋಗಿಗಳನ್ನು ಕೊಡುವುದಿಲ್ಲ, ಪುಸ್ತಕ ಮಾತ್ರ. ಆದರೆ ಮುಂದಿನ ತಿಂಗಳು ಒಂದು ದಿನ ನಮ್ಮನ್ನು ದೂರದ ಹಳ್ಳಿಯ ಚಿಕಿತ್ಸಾಲಯಕ್ಕೆ ಕೆಲಸಕ್ಕೆ ಕರೆದೊಯ್ಯುತ್ತಾರೆ. ಸಂಬಳವಿಲ್ಲದ ಸೇವೆ. ಕಣ್ಣು, ಹಲ್ಲು, ಕಿವಿ, ಯಾವ ಮೇಜು ಬೇಕು ಎಂದು ಕೇಳಿದರು. ನಾನು ಹಿಂದೆ ಮುಂದೆ ನೋಡದೆ ಕಿವಿ ಎಂದೆ. ಯಾಕೆಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಹಿಟ್ಟಿನ ಗಿರಣಿಯ ಸದ್ದಿನಲ್ಲಿ ಜೀವಮಾನ ಕಳೆದು ಕಿವಿ ಕಳೆದುಕೊಂಡವನಿಗೆ ಒಂದು ಯಂತ್ರ ಹಾಕಿಸು ಎಂದು ನಾನು ಶಾಲೆಗೆ ಹೋಗುವ ಕಾಲದಿಂದ ಕಿರುಚುತ್ತಿದ್ದೇನೆ. ಕೋಣನ ಮುಂದೆ ಕಿನ್ನರಿ. ಈಗಲಾದರೂ ಪೇಟೆಯ ಕಿವಿ ಡಾಕ್ಟರ ಹತ್ತಿರ ಹೋಗು ಅಜ್ಜಾ. ನಿನ್ನ ಜೊತೆ ಮಾತಾಡಬೇಕು ಅನ್ನಿಸುತ್ತದೆ. ಇಲ್ಲಿ ಸಂಜೆಗಳು ಬಹಳ ಉದ್ದ.

ನಿನ್ನ
ಚಿನಕುರುಳಿ

 

ಫೆಬ್ರವರಿ 27

ನನ್ನ ಚಿನಕುರುಳಿಗೆ,

ನಿನ್ನ ಪತ್ರವನ್ನು ಅಂಚೆಯವನು ಬಾಗಿಲಲ್ಲಿ ನಿಂತು ಬೀದಿಗೆಲ್ಲ ತೋರಿಸಿ ಕೊಟ್ಟ. ಹೊರದೇಶದ ಸ್ಟಾಂಪು ನೋಡಿ ಪಕ್ಕದ ಮನೆ ಮೇಷ್ಟ್ರು ಚಪ್ಪಲಿ ಕೂಡ ಹಾಕಿಕೊಳ್ಳದೆ ಓಡಿ ಬಂದರು. ಅವರಿಗೆ ಸ್ಟಾಂಪು ಕೊಟ್ಟು ಸಾಗಹಾಕಿ, ಪತ್ರ ಇಟ್ಟುಕೊಂಡೆ. ಅಜ್ಜಿಗೆ ಅಕ್ಷರ ಕೂಡಿಸಿ ಓದುವ ತಾಳ್ಮೆ ಇಲ್ಲ, ನಿನಗೆ ಗೊತ್ತು. ನಾನೇ ಗಟ್ಟಿಯಾಗಿ ಓದಿದೆ. ಅಂಗಡಿ ಬಾಗಿಲು ಎಂದು ಬರೆದಿದ್ದೀಯಲ್ಲ, ಅದಕ್ಕೆ ಮೂತಿ ತಿರುವಿದಳು. ಆಮೇಲೆ ಒಳಗೆ ಹೋಗಿ ನಗುತ್ತಿದ್ದಳು.

ಸಂಜೆ ಉದ್ದ ಎಂದು ಬರೆದದ್ದು ಓದಿ ನನಗೆ ಊಟ ಸೇರಲಿಲ್ಲ. ಹೊಸ ಜಾಗದಲ್ಲಿ ಹಾಗೇ ಆಗುತ್ತದೆ, ಮಗು. ಗಿರಣಿಯ ಕಲ್ಲು ಬದಲಾಯಿಸಿದಾಗ ಮೊದಲ ಕೆಲವು ದಿನ ಹಿಟ್ಟು ತರಿತರಿಯಾಗಿಯೇ ಬೀಳುತ್ತದೆ. ಓಡುತ್ತಾ ಓಡುತ್ತಾ ನುಣ್ಣಗಾಗುತ್ತದೆ. ಅಲ್ಲಿಯವರೆಗೆ ನನಗೆ ಬರೆ. ದೊಡ್ಡ ಅಕ್ಷರದಲ್ಲೇ ಬರೆ, ಕಾಗದ ದಂಡವಾಗಲಿ.

ಕಿವಿಯ ಮೇಜು ಆರಿಸಿಕೊಂಡದ್ದು ಒಳ್ಳೆಯದು. ಮಾಡುವ ಕೆಲಸ ಅಚ್ಚುಕಟ್ಟಾಗಿ ಮಾಡು. ಮುದುಕರನ್ನು ಅವಸರ ಮಾಡಬೇಡ.

ಸುಮ್ಮನೆ ಒಂದು ಮಾತು ಕೇಳುತ್ತೇನೆ. ಕಿವಿಯೊಳಗೇ ಕೂತುಬಿಡುವ, ಹೊರಗೆ ಯಾರ ಕಣ್ಣಿಗೂ ಬೀಳದ ಯಂತ್ರ ಬಂದಿದೆಯಂತೆ, ಮೇಷ್ಟ್ರು ಹೇಳುತ್ತಿದ್ದರು. ಅಂಥದು ನಿಜವಾಗಿ ಇದೆಯೇ? ತೀರಾ ಹತ್ತಿರ ಕೂತವರಿಗೂ ಕಾಣುವುದಿಲ್ಲವೇ? ನನಗೆಂದು ಅಲ್ಲ, ತಿಳಿದುಕೊಳ್ಳೋಣವೆಂದು. ಇದನ್ನು ಫೋನಿನಲ್ಲಿ ಅಜ್ಜಿಯ ಹತ್ತಿರ ಎತ್ತಬೇಡ.

ಅಜ್ಜ

 

ಮಾರ್ಚ್ 16

ಅಜ್ಜಾ, ನನ್ನ ಷೋಕಿಲಾಲ ಅಜ್ಜಾ,

"ನನಗೆಂದು ಅಲ್ಲ" ಎಂಬುದನ್ನು ಓದಿ ಮಂಚದ ಮೇಲೆ ಬಿದ್ದು ನಕ್ಕೆ. ಈ ವಯಸ್ಸಿನಲ್ಲಿ ಕಿವಿಯ ಅಂದ ಯಾರಿಗೆ ತೋರಿಸಬೇಕು? ಕೂದಲು ಹೋದಾಗ ಇಲ್ಲದ ನಾಚಿಕೆ ಈಗ ಬಂತೇ? ಒಳಗೆ ಕೂರುವ ಯಂತ್ರ ಇದೆ, ಆದರೆ ನಿನ್ನಂಥ ಕಿವಿಗೆ ಅದು ಸಾಲದು ಎನ್ನುತ್ತಾರೆ. ಬೆರಳುಗಳು ದಪ್ಪಗಿದ್ದವರಿಗೆ ಅದರ ಬ್ಯಾಟರಿ ಹಾಕಲೂ ಆಗುವುದಿಲ್ಲ. ನಿನ್ನ ಬೆರಳಿಗೆ ಕಿವಿಯ ಹಿಂದೆ ಕೂರುವ ದೊಡ್ಡದೇ ಸರಿ. ಇದೆಲ್ಲ ನಾನು ಪುಸ್ತಕದಿಂದ ಹೇಳುತ್ತಿಲ್ಲ. ನಿನ್ನೆ ಕಣ್ಣಾರೆ ನೋಡಿ ಬಂದೆ.

ಹಳ್ಳಿಯ ಚಿಕಿತ್ಸಾಲಯವೆಂದರೆ ಒಂದು ಉದ್ದನೆಯ ಕೋಣೆ. ನಡುವೆ ಪರದೆ ಕಟ್ಟಿ ಭಾಗ ಮಾಡಿದ್ದಾರೆ. ಹೊರಗೆ ಬೆಂಚುಗಳು, ಬೆಂಚುಗಳ ತುಂಬ ಜನ. ಒಬ್ಬರ ಕಿವಿ ನೋವಿಗೆ ಮನೆಮಂದಿಯೆಲ್ಲ ಬಂದಿರುತ್ತಾರೆ. ಕಿವಿ ಪರೀಕ್ಷೆಗೆ ಸದ್ದಿಲ್ಲದ ಜಾಗ ಬೇಕಲ್ಲ, ಅದಕ್ಕೆ ಔಷಧಿ ಇಡುವ ಕೋಣೆಯನ್ನೇ ಖಾಲಿ ಮಾಡಿ ಬಾಗಿಲಿಗೆ ಕಂಬಳಿ ಇಳಿಬಿಟ್ಟಿದ್ದರು. ಅಲ್ಲಿನ ಭಾಷೆ ನನಗೆ ಇನ್ನೂ ನಾಲಿಗೆಗೆ ಹತ್ತಿಲ್ಲ. ಆ ಊರಿನವರೇ ಆದ ನರ್ಸಮ್ಮ ಒಬ್ಬರು ಎಲ್ಲವನ್ನೂ ನನಗೆ ಬಿಡಿಸಿ ಹೇಳುತ್ತಿದ್ದರು. ನನ್ನ ಕೆಲಸ ದೊಡ್ಡದೇನಲ್ಲ. ಬಂದವರನ್ನು ಕೂರಿಸಿ, ತಲೆಗೆ ಹೆಡ್‌ಫೋನ್ ಹಾಕಿ, "ಸದ್ದು ಕೇಳಿಸಿದಾಗ ಕೈ ಎತ್ತಿ" ಎಂದು ಹೇಳುವುದು, ಅವರು ಎದ್ದ ಮೇಲೆ ಅದನ್ನು ಒರೆಸುವುದು.

ಮೊದಲು ಬಂದ ಮುದುಕಿಯೊಬ್ಬರು ಸದ್ದು ಇದ್ದರೂ ಇಲ್ಲದಿದ್ದರೂ ಕೈ ಎತ್ತುತ್ತಿದ್ದರು. ಯಂತ್ರ ಆರಿಸಿದರೂ ಎತ್ತಿದರು. ನರ್ಸಮ್ಮ ಕೇಳಿದರೆ, "ಪಾಪ, ಚಿಕ್ಕ ಹುಡುಗಿ. ನಾನು ಕೈ ಎತ್ತದಿದ್ರೆ ಅವಳ ಮೇಷ್ಟ್ರು ಫೇಲ್ ಮಾಡಿಬಿಟ್ರೆ?" ಎಂದರಂತೆ. ಅವರಿಗೆ ಕಿವಿ ಕೇಳಿಸುತ್ತಿರಲಿಲ್ಲ, ಕರುಳು ಮಾತ್ರ ದಂಡಿಯಾಗಿತ್ತು. ಇನ್ನೊಬ್ಬರ ಕಿವಿಯಿಂದ ಪೆನ್ಸಿಲಿನ ತುದಿಯ ರಬ್ಬರು ಹೊರಬಂತು. ಶಾಲೆಯಲ್ಲಿ ತುರುಕಿಕೊಂಡದ್ದಂತೆ. ಅವರಿಗೆ ಈಗ ಮೊಮ್ಮಕ್ಕಳಿದ್ದಾರೆ.

ಮಧ್ಯಾಹ್ನದ ಹೊತ್ತಿಗೆ ಒಬ್ಬ ಎತ್ತರದ ಅಜ್ಜ ಬಂದರು, ಕಲ್ಲಿನ ಗಣಿಯಲ್ಲಿ ದುಡಿದವರು. ಜೊತೆಗೆ ಅವರ ಹೆಂಡತಿ, ಗಂಡನ ತೋಳು ಹಿಡಿದುಕೊಂಡು. ನಿನ್ನ ಹಾಗೆಯೇ ಅಜ್ಜಾ, ಎರಡು ಕಿವಿಯೂ ಹೋಗಿದೆ. ಎಲ್ಲ ಪರೀಕ್ಷೆ ಮುಗಿಸಿ ಡಾಕ್ಟರು ಯಂತ್ರ ಕೂರಿಸಿದರು. ಆನ್ ಮಾಡುವ ಮೊದಲು ಆ ಹೆಂಡತಿ ನರ್ಸಮ್ಮನ ಹತ್ತಿರ ಹೋಗಿ ಏನೋ ಪಿಸುಗುಟ್ಟಿದರು. ನರ್ಸಮ್ಮ ಅವರ ಬೆನ್ನು ಸವರಿದರು. ಆಮೇಲೆ ಆನ್ ಮಾಡಿದರು. ಡಾಕ್ಟರು ಹೆಂಡತಿಗೆ, "ಏನಾದ್ರೂ ಮಾತಾಡಿಸಿ" ಎಂದರು. ಆಕೆ ಬಾಯಿ ತೆರೆದು ಗಂಡನ ಹೆಸರು ಹಿಡಿದು ಕೂಗಿದರು. ಆ ಅಜ್ಜನ ಮುಖ ನೀನು ನೋಡಬೇಕಿತ್ತು. ಅಳು, ನಗು, ಎರಡೂ. ಸುತ್ತ ಇದ್ದವರು ಚಪ್ಪಾಳೆ ತಟ್ಟಿದರು. ಹೆಂಡತಿ ಮಾತ್ರ ಕಂಬಳಿ ಸರಿಸಿ ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ಅತ್ತರು. ಸಂತೋಷ ತಡೆಯಲಾಗಲಿಲ್ಲ ಪಾಪ. ನಾನೂ ಅತ್ತೆ. ವಾಪಸು ಬರುವಾಗ ಬಸ್ಸಿನಲ್ಲಿ ದಾರಿಯುದ್ದಕ್ಕೂ ನಿಮ್ಮಿಬ್ಬರದೇ ಯೋಚನೆ.

ಅದಕ್ಕೇ ತೀರ್ಮಾನ ಮಾಡಿದ್ದೇನೆ. ನಿನ್ನನ್ನು ಕೇಳುತ್ತಾ ಕೂತರೆ ಆಗುವುದಿಲ್ಲ. ಪೇಟೆಯ ಕಿವಿ ಡಾಕ್ಟರಿಗೆ ನಾನೇ ಇಲ್ಲಿಂದ ಫೋನ್ ಮಾಡುತ್ತೇನೆ, ಅಜ್ಜಿಗೂ ಹೇಳುತ್ತೇನೆ. ಅವಳು ನಿನ್ನ ಕೈ ಹಿಡಿದು ಎಳೆದುಕೊಂಡು ಹೋಗುತ್ತಾಳೆ. ಅಜ್ಜಿಯ ಮಾತು ಸರಿಯಾಗಿ ಕೇಳಿ ಎಷ್ಟು ಕಾಲವಾಯಿತು ನಿನಗೆ?

ನಿನ್ನ
ಚಿನಕುರುಳಿ

 

ಏಪ್ರಿಲ್ 2

ಮಗಳೇ,

ಡಾಕ್ಟರಿಗೆ ಫೋನ್ ಮಾಡಬೇಡ. ಅಜ್ಜಿಗೆ ಹೇಳಬೇಡ. ಇದು ನಮ್ಮ ಮನೆಯ ಮಾತು, ನನಗೆ ಬಿಡು.

ನಿನ್ನ ಪತ್ರ ಅರ್ಧ ಮಾತ್ರ ಅಜ್ಜಿಗೆ ಓದಿ ಹೇಳಿದೆ. ಕೈ ಎತ್ತಿದ ಮುದುಕಿಯವರೆಗೆ.

ಗೋಡೆಗೆ ಮುಖ ಮಾಡಿ ಅತ್ತರು ಎಂದೆಯಲ್ಲ, ಆ ಹೆಂಗಸು ಆಮೇಲೆ ಏನು ಮಾಡಿದರು? ಗಂಡನ ಜೊತೆ ಮಾತಾಡಿದರೇ?

ಅಜ್ಜ

 

ಏಪ್ರಿಲ್ 20

ತೀರ್ಥರೂಪರಾದ ಅಜ್ಜನವರಿಗೆ,

ತಮ್ಮ ಪತ್ರ ತಲುಪಿತು. ತಮ್ಮ ಅಪ್ಪಣೆಯಂತೆ ಡಾಕ್ಟರಿಗೆ ಫೋನ್ ಮಾಡಿಲ್ಲ, ಅಜ್ಜಿಯವರಿಗೂ ತಿಳಿಸಿಲ್ಲ. ತಮ್ಮ ಮನೆಯ ಮಾತಿನಲ್ಲಿ ನಾನು ಬಾಯಿ ಹಾಕಿದ್ದಕ್ಕೆ ಕ್ಷಮೆಯಿರಲಿ. ಆ ಮನೆ ನನ್ನದೂ ಹೌದು ಎಂದು ತಪ್ಪು ತಿಳಿದಿದ್ದೆ.

ಇಷ್ಟಕ್ಕೇ ಪತ್ರ ಮುಗಿಸಿ ಅಂಟಿಸಬೇಕು ಅಂದುಕೊಂಡಿದ್ದೆ. ಅಂಟಿಸಿಯೂ ಇದ್ದೆ. ಮೊನ್ನೆಯ ಸಂಗತಿ ಆದ ಮೇಲೆ ಲಕೋಟೆ ಹರಿದು ಮತ್ತೆ ಬರೆಯುತ್ತಿದ್ದೇನೆ. ಕೋಪ ಇದೆ ಅಜ್ಜಾ, ಆದರೆ ಹೇಳದೆ ಇರಲಾರೆ.

ಯಂತ್ರ ಹಾಕಿಸಿಕೊಂಡವರು ಒಂದು ತಿಂಗಳ ಮೇಲೆ ಮತ್ತೆ ತೋರಿಸಲು ಬರಬೇಕು. ನನ್ನನ್ನೇ ಕಳಿಸಿ ಎಂದು ಕೇಳಿಕೊಂಡು ಹೋದೆ. ಆ ಗಣಿಯ ಅಜ್ಜ ಬಂದಿದ್ದರು, ಹೆಂಡತಿಯೂ ಬಂದಿದ್ದರು. ಅಜ್ಜ ಯಂತ್ರ ಬಿಚ್ಚಿ ಮೇಜಿನ ಮೇಲೆ ಇಟ್ಟು, "ಇದು ಸರಿ ಇಲ್ಲ, ಬೇರೆ ಕೊಡಿ" ಎಂದರು. ಏನಾಗಿದೆ ಎಂದು ಡಾಕ್ಟರು ಕೇಳಿದರು. "ಕೋಳಿ ಕೂಗೋದು ಕೇಳಿಸುತ್ತೆ. ನೀರು ಬೀಳೋದು ಕೇಳಿಸುತ್ತೆ. ಪಕ್ಕದ ಮನೆ ಜಗಳ ಪೂರ್ತಿ ಕೇಳಿಸುತ್ತೆ. ನನ್ನ ಹೆಂಡತಿ ದನಿ ಮಾತ್ರ ಇದು ಹಿಡಿಯಲ್ಲ" ಎಂದರು.

ಡಾಕ್ಟರು ಯಂತ್ರವನ್ನು ಎರಡೆರಡು ಸಲ ಪರೀಕ್ಷೆ ಮಾಡಿದರು. ನಾನು ಬ್ಯಾಟರಿ ಬದಲಾಯಿಸಿದೆ, ನಳಿಕೆ ತೊಳೆದು ಒರೆಸಿದೆ. ಯಂತ್ರ ಚೆನ್ನಾಗಿಯೇ ಇತ್ತು. ಹೆಂಡತಿ ಮೂಲೆಯ ಸ್ಟೂಲಿನ ಮೇಲೆ ಕೂತು ತಮ್ಮ ಚೀಲದ ಹಿಡಿಯನ್ನು ತಿರುಚುತ್ತಿದ್ದರು, ತುಟಿ ಪಿಟಕ್ಕೆನ್ನಲಿಲ್ಲ. ಆಗ ನರ್ಸಮ್ಮ ನನ್ನನ್ನು ಹೊರಗೆ ಕರೆದು, ಮೊದಲ ದಿನ ಆಕೆ ಏನು ಪಿಸುಗುಟ್ಟಿದ್ದರು ಎಂದು ಹೇಳಿದರು. "ಅದನ್ನ ಹಾಕ್ಬೇಡಿ ತಾಯಿ. ನನ್ನ ಭಯ, ನನ್ನ ಸಿಟ್ಟು, ಯಾರ ಹತ್ರಾನೂ ಹೇಳದೆ ಇರೋದನ್ನೆಲ್ಲ ಇಷ್ಟು ವರ್ಷ ಅವರ ಪಕ್ಕ ಕೂತು ಹೇಳ್ಕೊಂಡಿದ್ದೀನಿ, ಕೇಳಿಸಲ್ಲ ಅಂತ. ಇನ್ನು ಯಾರ ಹತ್ರ ಹೇಳ್ಲಿ?" ನರ್ಸಮ್ಮ ಅದನ್ನು ಹಳ್ಳಿಯ ಹೆಂಗಸಿನ ನಾಚಿಕೆ ಎಂದುಕೊಂಡು ಬೆನ್ನು ಸವರಿ ಸುಮ್ಮನಾಗಿಸಿದ್ದರಂತೆ. ನಾನು ಅದನ್ನು ಸಂತೋಷದ ಅಳು ಎಂದು ನಿನಗೆ ಬರೆದೆ. ಚಪ್ಪಾಳೆ ತಟ್ಟಿದೆ ಬೇರೆ.

ಒಳಗೆ ಹೋದಾಗ ಆ ಅಜ್ಜ ಇನ್ನೂ ವಾದ ಮಾಡುತ್ತಿದ್ದರು. ಕೊನೆಗೆ ಹೆಂಡತಿ ಎದ್ದು ನಿಂತು, "ನಡೀರಿ, ಮನೆಗೆ ಹೋಗೋಣ" ಎಂದರು, ಸಣ್ಣ ದನಿಯಲ್ಲಿ. ಅಜ್ಜನ ಮುಖ ಅರಳಿತು. "ಈಗ ಸರಿ ಹೋಯ್ತು ನೋಡಿ" ಎಂದು ಡಾಕ್ಟರಿಗೆ ಕೈ ಮುಗಿದು, ಯಂತ್ರ ಹಾಕಿಕೊಂಡು ಹೊರಟರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ನಾನು ಎದುರಿಗೇ ಇದ್ದು ಕಾಣದ್ದು, ಇಷ್ಟು ದೂರ ಕೂತ ನಿನಗೆ ಹೇಗೆ ಗೊತ್ತಾಯಿತು? "ಆಮೇಲೆ ಮಾತಾಡಿದರೇ" ಎಂದು ಯಾಕೆ ಕೇಳಿದೆ ಅಜ್ಜಾ?

ಚಿನಕುರುಳಿ

 

ಮೇ 8

ಮಗು,

ತೀರ್ಥರೂಪರಾದ ಅಜ್ಜನವರು ಎಂದು ಓದಿ ಪತ್ರ ಬೇರೆ ಯಾರಿಗೋ ಬಂದದ್ದು ಎಂದುಕೊಂಡೆ. ಇನ್ನು ಮೇಲೆ ಬೈಯುವುದಿದ್ದರೆ ಮುದುಕಾ ಎಂದು ಬೈ. ಆ ಮನೆ ನಿನ್ನದಲ್ಲದೆ ಇನ್ನಾರದು?

ನಿನಗೆ ಹೇಳಿಬಿಡುತ್ತೇನೆ. ಓದಿ ಹರಿದು ಹಾಕು.

ನನ್ನ ಎಡಗಿವಿ ಹೋದದ್ದು ನಿಜ. ಗಿರಣಿಯ ಯಂತ್ರ ನನ್ನ ಎಡಕ್ಕಿತ್ತು, ಅದು ತಿಂದುಹಾಕಿತು. ಬಲಗಿವಿಗೆ ಅಷ್ಟೇನೂ ಆಗಿರಲಿಲ್ಲ. ನೀನು ನಾಲ್ಕನೆಯ ತರಗತಿಯಲ್ಲಿದ್ದಾಗ ನನಗೆ ಕೆಟ್ಟ ನೆಗಡಿ ಹಿಡಿದು ಅದೂ ಕಟ್ಟಿಕೊಂಡಿತು. ಕೆಲವು ದಿನ ನಿಜವಾಗಿಯೂ ಏನೂ ಕೇಳಿಸಲಿಲ್ಲ. ಆಗ ಅಜ್ಜಿ ಮಧ್ಯಾಹ್ನ ಅಕ್ಕಿ ಆರಿಸುವ ಮೊರ ತಂದು ನನ್ನ ಬಲಕ್ಕೆ ಕೂರುತ್ತಿದ್ದಳು, ಕಿಟಕಿಯ ಬೆಳಕು ಆ ಕಡೆಯೇ ಬರುವುದು. ಅವಳ ತುಟಿ ಅಲುಗುವುದು ಕಾಣುತ್ತಿತ್ತು. ಏನೋ ಗೊಣಗುತ್ತಾಳೆ ಎಂದುಕೊಂಡೆ. ಒಂದು ಮಧ್ಯಾಹ್ನ ಕಿವಿಯೊಳಗೆ ಟಪ್ಪೆಂದು ಸದ್ದಾಗಿ ಬಿಟ್ಟುಕೊಂಡಿತು. ಹೇಳೋಣವೆಂದು ಬಾಯಿ ತೆಗೆದೆ. ಅಷ್ಟರಲ್ಲಿ ಅವಳು ನಿನ್ನ ಅಮ್ಮನ ಹೆಸರು ಹೇಳಿದಳು.

ನಮ್ಮ ಮಗಳು ಹೋದ ಮೇಲೆ ಅಜ್ಜಿ ಆ ಹೆಸರನ್ನು ಎತ್ತಿರಲಿಲ್ಲ. ನಾನು ಎತ್ತಿದರೆ ಎದ್ದು ಹೋಗುತ್ತಿದ್ದಳು. ಅಳಲೂ ಇಲ್ಲ ಅವಳು. ಕಲ್ಲಾಗಿಬಿಟ್ಟಳೆಂದು ನಾನು ಹೆದರಿದ್ದೆ. ಆ ದಿನ ಅಕ್ಕಿ ಆರಿಸುತ್ತಾ, ಮಗಳು ಹಿಟ್ಟಿನ ಚೀಲಗಳ ಸಂದಿಯಲ್ಲಿ ನಿದ್ದೆ ಹೋಗಿ ಊರೆಲ್ಲ ಹುಡುಕಿಸಿದ್ದನ್ನು ಹೇಳಿಕೊಂಡು ನಗುತ್ತಿದ್ದಳು. ಆಮೇಲೆ ಅತ್ತಳು. ನಾನು ಪೇಪರಿನಿಂದ ಕಣ್ಣು ತೆಗೆಯಲಿಲ್ಲ. ಆವತ್ತಿನಿಂದ ನಾನು ಎರಡೂ ಕಿವಿ ಕೇಳದ ಕಿವುಡ.

ಸುಲಭವೆಂದು ತಿಳಿಯಬೇಡ. ನನ್ನನ್ನೂ ಬೈಯುತ್ತಾಳೆ, ನನ್ನ ಪಕ್ಕದಲ್ಲೇ ಕೂತು. ನಮ್ಮ ಮದುವೆಯಲ್ಲಿ ನನ್ನ ಅಣ್ಣ ಆಡಿದ ಮಾತನ್ನು ಇಂದಿಗೂ ಬಿಟ್ಟಿಲ್ಲ. ಮುಖದಲ್ಲಿ ಏನೂ ತೋರಿಸದೆ ಕೂರಬೇಕು. ನಿನ್ನ ಜೊತೆ ಫೋನಿನಲ್ಲಿ ಮಾತಾಡುವುದೂ ಹೋಯಿತು. ನಿನ್ನ ದನಿ ನನಗೆ ಬೇಡವಾಗಿತ್ತೆಂದು ತಿಳಿದೆಯಾ? ಭಾನುವಾರ ಅಜ್ಜಿ ಸ್ಪೀಕರ್ ಹಾಕುತ್ತಾಳೆ. ನಾನು ಪೇಪರು ಹಿಡಿದು ಬಲಗಿವಿ ಅತ್ತ ಕೊಟ್ಟು ಕೂತಿರುತ್ತೇನೆ. ಆ ಪೇಪರಿನ ಒಂದು ಅಕ್ಷರವೂ ಓದಿರುವುದಿಲ್ಲ.

ಈಗ ಬಲಗಿವಿಯೂ ಹೋಗುತ್ತಿದೆ ಮಗು. ಈ ಸಲ ನಿಜವಾಗಿ. ಅಜ್ಜಿಯ ಮಾತಿನಲ್ಲಿ ನಡುನಡುವೆ ಬಿಟ್ಟುಹೋಗುತ್ತದೆ. ನಿನ್ನ ಮೊದಲ ಪತ್ರ ಬರುವ ಸ್ವಲ್ಪ ಮೊದಲು ಒಂದು ಮಧ್ಯಾಹ್ನ, "ಆಸ್ಪತ್ರೇಲಿ ಕೊನೇ ಸಲ ನನ್ನ ಕೈ ಹಿಡ್ಕೊಂಡು ಒಂದು ಮಾತು ತಗೊಂಡ್ಲು" ಎಂದಳು. ನಾನು ಅಂದು ಔಷಧಿ ತರಲು ಹೋಗಿದ್ದೆ, ಮಗಳ ಪಕ್ಕ ಇರಲಿಲ್ಲ. ಏನು ಮಾತು? ಅಜ್ಜಿ ಮೊರದ ಮೇಲೆ ಬಗ್ಗಿ ಹೇಳಿದಳು. ನನಗೆ ಸಿಗಲಿಲ್ಲ. "ಇಲ್ಲಿವರೆಗೂ ಉಳಿಸ್ಕೊಂಡಿದ್ದೀನಿ" ಎಂಬುದು ಮಾತ್ರ ಕೇಳಿಸಿತು. ನನ್ನ ಮಗಳ ಕೊನೆಯ ಮಾತು, ನನ್ನ ಮನೆಯಲ್ಲೇ, ಕೈ ಚಾಚುವಷ್ಟು ಹತ್ತಿರದಲ್ಲಿ ಹೋಯಿತು. ಏನೆಂದೆ ಎಂದು ಕೇಳುವ ಹಾಗಿಲ್ಲ. ಕೇಳಿದರೆ ಎಲ್ಲ ಮುಗಿಯಿತು. ಯಂತ್ರ ಕಂಡರೂ ಮುಗಿಯಿತು, ಅವಳು ಮತ್ತೆ ಬಾಯಿ ಬಿಡುವುದಿಲ್ಲ. ಯಂತ್ರ ಇಲ್ಲದಿದ್ದರೆ ಅವಳು ಹೇಳಿದ್ದು ನನಗಿಲ್ಲ. ಕಣ್ಣಿಗೆ ಕಾಣದ ಯಂತ್ರ ಕೇಳಿದ್ದು ಅದಕ್ಕೆ, ಷೋಕಿಗಲ್ಲ.

ಆ ಗಣಿಯವನ ಹೆಂಡತಿಯ ಅಳು ನನಗೆ ಓದಿದ ಕೂಡಲೇ ಗೊತ್ತಾಯಿತು. ನಾನು ಅವಳಂಥವಳ ಜೊತೆ ಸಂಸಾರ ಮಾಡುತ್ತಿದ್ದೇನೆ.

ಅಜ್ಜ

 

ಮೇ 25

ಮುದುಕಾ,

ಬೈಯಲು ನೀನೇ ಅಪ್ಪಣೆ ಕೊಟ್ಟಿದ್ದೀಯಲ್ಲ, ತಗೋ. ಜಾಣಗಿವುಡು ಎಂಬ ಮಾತು ಹುಟ್ಟಿದ್ದೇ ನಿನಗಾಗಿ. ನಾಲ್ಕನೆಯ ತರಗತಿಯಿಂದ ನಿನ್ನ ಹತ್ತಿರ ಕಿರುಚಿ ಕಿರುಚಿ ನನ್ನ ಗಂಟಲು ಒಡೆದ ಕೊಳಲಾಯಿತು. ಹಾಡಿನ ಸ್ಪರ್ಧೆಯಲ್ಲಿ ಸೋತದ್ದು ನಿನ್ನಿಂದ. ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದದ್ದನ್ನು ನಿನ್ನ ಬೆನ್ನ ಹಿಂದೆಯೇ ಗೆಳತಿಗೆ ಹೇಳುತ್ತಿದ್ದೆ, ಮರುದಿನ ನೀನು ಸುಮ್ಮನೆ ಲೆಕ್ಕದ ಪುಸ್ತಕ ತಂದು ಕೊಡುತ್ತಿದ್ದೆ. ಅಜ್ಜನಿಗೆ ಮನಸ್ಸು ಓದಲು ಬರುತ್ತದೆ ಎಂದು ಊರಲ್ಲೆಲ್ಲ ಹೇಳಿಕೊಂಡು ತಿರುಗಿದ್ದೆ.

ನಗಿಸಲು ಬರೆದೆ. ನನಗೆ ನಗು ಬರುತ್ತಿಲ್ಲ.

ನನಗೆ ಹೊಟ್ಟೆಕಿಚ್ಚಾಗಿದೆ ಅಜ್ಜಾ. ನೀನು ಇಷ್ಟು ವರ್ಷ ಮಧ್ಯಾಹ್ನ ಮಧ್ಯಾಹ್ನ ಕೂತು ನನ್ನ ಅಮ್ಮನನ್ನು ಕೇಳಿಸಿಕೊಂಡಿದ್ದೀಯ. ನನಗೆ ಒಂದು ಚೂರೂ ಕೊಡಲಿಲ್ಲ. ಒಮ್ಮೆ ಅಜ್ಜಿಯನ್ನು ಅಮ್ಮ ಹೇಗಿದ್ದಳು ಎಂದು ಕೇಳಿದ್ದೆ. ಸೌಟು ಕೆಳಗಿಟ್ಟು ಹಿತ್ತಲಿಗೆ ಹೋದವಳು ಸಾರು ಉಕ್ಕಿದರೂ ಬರಲಿಲ್ಲ. ಅಮ್ಮನ ಮೇಲೆ ಅವಳಿಗೇನೋ ದೊಡ್ಡ ಕೋಪವಿದೆ, ನಾನು ಹುಟ್ಟಿದ್ದರಿಂದಲೇ ಅಮ್ಮನಿಗೆ ಏನೋ ಆಗಿದ್ದಿರಬೇಕು, ಅದಕ್ಕೇ ಹೇಳುವುದಿಲ್ಲ ಎಂದು ನಾನು ತಿಳಿದಿದ್ದೆ. ಇಂದಿನವರೆಗೆ ಹಾಗೇ ತಿಳಿದಿದ್ದೆ. ಹಿಟ್ಟಿನ ಚೀಲದ ಸಂದಿಯಲ್ಲಿ ನಿದ್ದೆ ಹೋದದ್ದು, ನನ್ನ ಅಮ್ಮನ ಬಗ್ಗೆ ನನಗೆ ಗೊತ್ತಿರುವ ಮೊದಲ ಸಂಗತಿ. ನಿನ್ನೆಯಿಂದ ಅದನ್ನೇ ನೆನೆಸಿಕೊಳ್ಳುತ್ತಿದ್ದೇನೆ.

ನಿನ್ನ ಪತ್ರ ಹರಿದು ಹಾಕಲಿಲ್ಲ. ಹರಿಯುವುದೂ ಇಲ್ಲ.

ಕಾಣದ ಯಂತ್ರದ ವಿಷಯ ಡಾಕ್ಟರ ಹತ್ತಿರ ಕೇಳಿದೆ. ಬಲಗಿವಿ ಪೂರ್ತಿ ಹೋಗಿಲ್ಲದಿದ್ದರೆ ಹಾಕಬಹುದಂತೆ. ಆದರೆ ನನಗೆ ಮನಸ್ಸಿಲ್ಲ ಅಜ್ಜಾ. ಮೊದಲು ನೀನು ಸುಮ್ಮನಿದ್ದೆ, ಅಷ್ಟೆ. ಅದು ಅವಳ ಮೇಲಿನ ಮರುಕ. ಇನ್ನು ಯಂತ್ರ ಬಚ್ಚಿಟ್ಟುಕೊಂಡು ಕೂತರೆ ಅದು ಕಳ್ಳತನ. ಕದ್ದು ಕೇಳಿದ ಮಾತು ನಿನಗೆ ಸಿಗುತ್ತದೆ, ನನಗೆ ಎಂದೂ ಸಿಗುವುದಿಲ್ಲ. ತನ್ನ ಮಾತನ್ನು ಒಬ್ಬರು ಕೇಳಿಸಿಕೊಂಡರು ಎಂಬ ಸಮಾಧಾನ ಅಜ್ಜಿಗೂ ಸಿಗುವುದಿಲ್ಲ.

ಆದರೂ ನಿನ್ನನ್ನು ಬಲವಂತ ಮಾಡುವುದಿಲ್ಲ. ಆ ಗಣಿಯ ಅಜ್ಜನ ಮನೆಯಲ್ಲಿ ನಾವು ಚಪ್ಪಾಳೆ ತಟ್ಟಿ ಏನು ಮಾಡಿದೆವೆಂದು ನೋಡಿದ್ದೇನೆ. ಅಜ್ಜಿಗೆ ಒಂದು ಮಾತೂ ಹೇಳುವುದಿಲ್ಲ. ಭಾನುವಾರ ಫೋನ್ ಮಾಡಿದಾಗ ಮಾತ್ರ ಸ್ವಲ್ಪ ಗಟ್ಟಿಯಾಗಿ, ನಿಧಾನವಾಗಿ ಮಾತಾಡುತ್ತೇನೆ. ಯಾರಿಗೋಸ್ಕರ ಎಂದು ನಿನಗೆ ಗೊತ್ತಿರುತ್ತದೆ.

ಚಿನಕುರುಳಿ

 

ಜೂನ್ 21

ನನ್ನ ಚಿನಕುರುಳಿಗೆ,

ನಿನ್ನ ಪತ್ರ ಇಟ್ಟುಕೊಂಡು ಕೆಲವು ದಿನ ಓಡಾಡಿದೆ. ಎದುರು ಕೂತು ಹೇಳುವ ಧೈರ್ಯ ನನಗಾಗಲಿಲ್ಲ. ಒಂದು ಮಧ್ಯಾಹ್ನ ಅಜ್ಜಿ ಮೊರ ಹಿಡಿದು ಬಂದು ಕೂತಾಗ, "ಮಗು ಹಿಂದೆ ಬರೆದದ್ದರಲ್ಲಿ ಸ್ವಲ್ಪ ಓದುವುದು ಬಿಟ್ಟಿತ್ತು" ಎಂದು ಹೇಳಿ, ಆ ಗಣಿಯವರ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ರಬ್ಬರಿನ ಸಂಗತಿಗೆ ನಕ್ಕಳು. ಕೋಳಿ ಕೂಗುವುದು ಕೇಳಿಸುತ್ತದೆ, ಹೆಂಡತಿಯ ದನಿ ಕೇಳಿಸುವುದಿಲ್ಲ ಎಂಬಲ್ಲಿ ಅವಳ ಕೈ ನಿಂತಿತು. ಆ ಹೆಂಗಸು ಪಿಸುಗುಟ್ಟಿದ್ದನ್ನೂ ಬಿಡದೆ ಓದಿದೆ.

ಓದಿ ಮುಗಿಸಿದೆ. ಅಜ್ಜಿ ಬಹಳ ಹೊತ್ತು ಅಕ್ಕಿ ಆರಿಸಿದಳು. ಆಮೇಲೆ ತಲೆ ಎತ್ತದೆ, ದನಿ ಏರಿಸದೆ ಕೇಳಿದಳು. "ನಿಮಗೆ ಯಾವ ಕಿವಿ ಕೇಳಿಸುತ್ತೆ?"

"ಬಲಗಡೇದು" ಎಂದೆ.

ಮೊರ ಅಲ್ಲೇ ಬಿಟ್ಟು ಎದ್ದು ಹೋದಳು. ಅಡುಗೆಮನೆಯಲ್ಲಿ ಪಾತ್ರೆಗಳು ಬಿದ್ದ ಸದ್ದು ಕಿವುಡನಿಗೂ ಕೇಳಿಸುವ ಹಾಗಿತ್ತು. ಊಟ ಬಡಿಸುವಾಗ ಒಂದೇ ಮಾತು. "ಗೋಡೆಗೂ ಕಿವಿ ಇರುತ್ತೆ ಅಂತಾರೆ. ಗೋಡೆ ಜೊತೆಗೇ ಸಂಸಾರ ಮಾಡ್ತಿದ್ದೆ, ನಂಗೇ ಗೊತ್ತಾಗ್ಲಿಲ್ಲ." ಆಮೇಲೆ ಒಂದು ವಾರ ಅದೂ ಇಲ್ಲ. ಮಧ್ಯಾಹ್ನ ಹಿತ್ತಲಲ್ಲಿ ಒಬ್ಬಳೇ ಕೂರುತ್ತಿದ್ದಳು. ನಾನು ಮಾಡಿದ್ದು ಸರಿಯೋ ತಪ್ಪೋ ತಿಳಿಯದೆ, ನಿನ್ನನ್ನೂ ಬೈದುಕೊಂಡೆ. ಅವಳ ಗೊಣಗಾಟ ಇಲ್ಲದ ಮಧ್ಯಾಹ್ನ ಎಷ್ಟು ಖಾಲಿ ಎಂದು ಆಗ ತಿಳಿಯಿತು.

ಒಂದು ಬೆಳಿಗ್ಗೆ ಸೀರೆ ಬದಲಾಯಿಸಿ, ಚೀಲ ಹಿಡಿದು ಬಾಗಿಲಲ್ಲಿ ನಿಂತು ಬೀದಿಗೆಲ್ಲ ಕೇಳುವಂತೆ ಕೂಗಿದಳು. "ಹೊರಡಿ. ಕಿವಿ ಡಾಕ್ಟ್ರ ಹತ್ರ." ಮೇಷ್ಟ್ರು ಕಿಟಕಿಯಿಂದ ಇಣುಕಿದರು. ಬಸ್ಸು ಹತ್ತಿ ಪೇಟೆಗೆ ಹೋದೆವು. ಡಾಕ್ಟರು ಯಾವುದು ಬೇಕು ಎಂದಾಗ ಅಜ್ಜಿಯೇ ಉತ್ತರ ಕೊಟ್ಟಳು. "ದೊಡ್ಡದು ಕೊಡಿ. ಎಲ್ಲರಿಗೂ ಕಾಣೋ ಅಂಥದ್ದು."

ಈಗ ನನ್ನ ಬಲಗಿವಿಯ ಹಿಂದೆ ಹುರುಳಿಕಾಯಿಯಷ್ಟು ದೊಡ್ಡ ಯಂತ್ರ ಇದೆ. ಹಾಕಿದ ದಿನ ನನ್ನ ಚಪ್ಪಲಿಯ ಸದ್ದಿಗೇ ಹೆದರಿದೆ. ಮರುದಿನ ಮಧ್ಯಾಹ್ನ ಅಜ್ಜಿ ಮೊರ ತಂದಳು. ತಂದು ನನ್ನ ಎಡಕ್ಕೆ ಕೂತಳು. ಅಲ್ಲಿಗೆ ಕಥೆ ಮುಗಿಯಿತು ಎಂದುಕೊಂಡೆ. ಗಣಿಯವನ ಗತಿಯೇ ನನಗೂ ಎಂದು ಪೇಪರು ಬಿಡಿಸಿದೆ. ಒಂದಿಷ್ಟು ಅಕ್ಕಿ ಆರಿಸಿದ ಮೇಲೆ, "ಇಲ್ಲಿ ಬೆಳಕೇ ಇಲ್ಲ" ಎಂದು ಎದ್ದು ಬಲಕ್ಕೆ ಬಂದಳು. ಪೇಪರನ್ನು ನನ್ನ ಕೈಯಿಂದ ತೆಗೆದು ಮಡಿಸಿಟ್ಟಳು.

"ಅವಳು ಆಸ್ಪತ್ರೇಲಿ ಏನು ಮಾತು ತಗೊಂಡ್ಲು, ಅದು ಕೇಳಿಸಿತ್ತಾ ನಿಮಗೆ?" ಎಂದಳು.

ಇಲ್ಲ ಎಂದೆ. ಅದೊಂದು ಕೇಳಿಸಲಿಲ್ಲ ಎಂದೆ.

"'ಮಗೂಗೆ ನನ್ನ ವಿಷಯ ಹೇಳಿ ಹೇಳಿ ಅಳಿಸ್ಬೇಡಮ್ಮ' ಅಂದ್ಲು. 'ನಗ್ತಾ ಬೆಳೀಲಿ' ಅಂದ್ಲು. ಆಯ್ತು ಅಂದೆ. ಇನ್ನೇನು ಅನ್ಲಿ ಆವಾಗ?"

ಇಷ್ಟೇ ಮಗು. ಇದನ್ನು ಉಳಿಸಿಕೊಳ್ಳಲು ಅವಳು ನಿನ್ನ ಮುಂದೆ ಒಂದು ಸಲವೂ ಬಾಯಿ ಬಿಡಲಿಲ್ಲ. ನೀನು ಕೇಳಿದಾಗ ಹಿತ್ತಲಿಗೆ ಹೋದಳು. ಕೋಪವೂ ಇಲ್ಲ, ನಿನ್ನ ತಪ್ಪೂ ಇಲ್ಲ. ನಿನ್ನಿಂದ ಅಮ್ಮನಿಗೆ ಏನೂ ಆಗಲಿಲ್ಲ. ಅವಳಿಗೆ ಬಂದದ್ದು ಬೇರೆ ಕಾಯಿಲೆ. ನಿನ್ನ ಅಮ್ಮನಿಗೆ ನಿನ್ನದೇ ಚಿಂತೆ ಇತ್ತು, ಕೊನೆಯವರೆಗೆ. ನಾನು ಅಜ್ಜಿಯ ಕೈ ಹಿಡಿದುಕೊಂಡೆ. ಅಕ್ಕಿಯೆಲ್ಲ ಚೆಲ್ಲಿತು. ಇಬ್ಬರೂ ಅತ್ತೆವು, ಒಟ್ಟಿಗೆ, ಮೊದಲ ಸಲ.

ನೀನು ಬರೆದದ್ದನ್ನು ಆಗ ಅವಳಿಗೆ ಹೇಳಿದೆ. ನಿನಗೆ ಅಮ್ಮನ ಬಗ್ಗೆ ಗೊತ್ತಿರುವುದು ಹಿಟ್ಟಿನ ಚೀಲದ ಸಂಗತಿ ಒಂದೇ ಎಂದು. ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡು, "ಅವಳೇನು ಈಗ ಮಗುವಾ? ಊರವರ ಕಿವಿ ನೋಡೋಷ್ಟು ದೊಡ್ಡವಳಾಗಿದ್ದಾಳೆ. ಅತ್ರೆ ಅಳ್ಲಿ" ಎಂದಳು. ಚೆಲ್ಲಿದ ಅಕ್ಕಿಯನ್ನು ಮೊರಕ್ಕೆ ಬಳಿದು, "ಕಾಗದ ತಗೊಳ್ಳಿ. ನಾನು ಹೇಳ್ತೀನಿ, ಬರೀರಿ. ಬಿಟ್ಟುಹೋದ್ರೆ ಏನಂದೆ ಅಂತ ಕೇಳಿ" ಎಂದಳು.

ಎಲ್ಲಿಂದ ಬರೆಯಲಿ ಎಂದೆ. ಹುಟ್ಟಿದ ದಿನದಿಂದ ಎಂದಳು. ಹಾಗೇ ಬರೆಯುತ್ತಿದ್ದೇನೆ.

ನಿನ್ನ ಅಮ್ಮ ಹುಟ್ಟಿದ ದಿನ ಗಿರಣಿಯ ಬೆಲ್ಟು ಹರಿದು ಯಂತ್ರ ನಿಂತಿತ್ತು. ನಾನು ಬಯ್ಯುತ್ತಾ ಬೆಲ್ಟು ಹೊಲಿಯುತ್ತಿದ್ದೆ. ಯಂತ್ರ ನಿಂತಿದ್ದರಿಂದ ರಸ್ತೆಯ ಆಚೆಗಿದ್ದ ನಮ್ಮ ಮನೆಯಿಂದ ಅವಳ ಮೊದಲ ಅಳು ನನಗೆ ಅಲ್ಲಿಗೇ ಕೇಳಿಸಿತು. ಇದು ಅಜ್ಜಿ ಹೇಳಿದ್ದಲ್ಲ, ನಾನು ಹೇಳಿದ್ದು. ಅವಳಿಗೆ ಗೊತ್ತೇ ಇರಲಿಲ್ಲ. "ನಿಜವಾಗ್ಲೂ ಕೇಳಿಸಿತ್ತಾ?" ಎಂದು ಕೇಳುತ್ತಿದ್ದಾಳೆ. ನಿಜವಾಗಿಯೂ ಕೇಳಿಸಿತ್ತು ಎಂದೆ.